ಮಳೆಯಲ್ಲಿ ನೆಂದ ಮಟ್ಟೆ

ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ನಾನು ಓದು ನಿಲ್ಲಿಸಿದೆ, ಎಂಟನೇ ತರಗತಿಯ ಅರ್ಧದಲ್ಲಿ. ಯಾರೂ ಬಿಡಿಸಲಿಲ್ಲ, ಬಡತನವೂ ಬಿಡಿಸಲಿಲ್ಲ. ತಿಪಟೂರಿನ ಮಾರುಕಟ್ಟೆಗೆ ಹೋಗುವ ಲಾರಿಯಲ್ಲಿ ಕೊಬ್ಬರಿ ಚೀಲಗಳ ಮೇಲೆ ಕೂತು ಒಮ್ಮೆ ಹೋಗಿಬಂದವನಿಗೆ ಮತ್ತೆ ಬೆಂಚಿನ ಮೇಲೆ ಕೂರಲು ಮನಸ್ಸಾಗಲಿಲ್ಲ, ಅಷ್ಟೆ. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಇನ್ನೊಬ್ಬರ ಕೈ ಕಾಯ್ದು ಉಂಡವನಲ್ಲ, ಓದಿದವರ ಮುಂದೆ ಕೈಕಟ್ಟಿ ನಿಂತವನೂ ಅಲ್ಲ. ಅಂಥವನು ಒಬ್ಬ ಇಂಜಿನಿಯರರ ಬಗ್ಗೆ ಬರೆಯಲು ಕೂತಿದ್ದೇನೆ ಅಂದರೆ ಅದು ಅವರ ಡಿಗ್ರಿ ನೋಡಿ ಅಲ್ಲ. ಮುಖದ ಮೇಲೆ ಹೊಡೆದ ಹಾಗೆ ಬೇಡ ಎಂದು ಹೇಳಿ, ಆಮೇಲೆ ಮನೆಯವರೆಗೆ ಹುಡುಕಿಕೊಂಡು ಬಂದ ಇನ್ನೊಬ್ಬ ಮನುಷ್ಯನನ್ನು ನಾನು ನನ್ನ ಜೀವಮಾನದಲ್ಲಿ ಕಂಡಿಲ್ಲ.

ಹೋದ ವಾರ ಸಕ್ಕರೆ ಕಾರ್ಖಾನೆಗೆ ಹೋಗಿದ್ದ ನಮ್ಮ ಡ್ರೈವರು ವಾಪಸು ಬಂದು, "ಅಣ್ಣ, ಆ ಉದ್ದನೆ ಸಾಹೇಬ್ರು ತೀರಿಕೊಂಡ್ರಂತೆ, ಬಾಯ್ಲರ್ ಮೇಸ್ತ್ರಿ ಹೇಳಿ ಕಳಿಸವ್ರೆ," ಎಂದ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರ್ಖಾನೆಯ ಹೆಸರೂ ಬೇಡ. ಅಲ್ಲಿನವರು ಒಮ್ಮೆ ಟರ್ಬೈನ್ ಮನೆಯ ಗೋಡೆಯ ಮೇಲೆ ಅವರ ಹೆಸರು ಬರೆಸಿ ವಂದನೆ ಸಲ್ಲಿಸಿದ್ದರು. ಸಾಹೇಬರು ಮಾರನೆಯ ದಿನ ಬಂದು ನೋಡಿದವರೇ ಸುಣ್ಣದ ಬಕೆಟ್ ತರಿಸಿ, ತಾವೇ ನಿಂತು ಬಳಿಸಿದರು. "ಈ ಬಣ್ಣ ಆ ಪೈಪಿಗೆ ಹಚ್ಚಿದ್ರ ತುಕ್ಕರ ನಿಲ್ತಿತ್ತು," ಎಂದರಂತೆ.

ಅವರು ಬೆಳಗಾವಿ ಕಡೆಯವರು. ಎತ್ತರ, ಸಣಕಲು. ಬೆಳಿಗ್ಗೆ ಬಿಳಿಯಾಗಿದ್ದ ಅಂಗಿ ಸಂಜೆಗೆ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ಜೇಬಿನಲ್ಲಿ ಪೆನ್ನಿನ ಜೊತೆ ಯಾವಾಗಲೂ ಒಂದು ಸೀಮೆಸುಣ್ಣದ ತುಂಡು. ಜೀವನವೆಲ್ಲ ಯಂತ್ರಗಳ ಸದ್ದಿನಲ್ಲಿ ಕಳೆದು ಎಡಗಿವಿ ಮಂದವಾಗಿತ್ತು. ಕೇಳಬೇಕಾದ ಮಾತಿಗೆ ಬಲಗಿವಿ ಕೊಡುತ್ತಿದ್ದರು, ಬೇಡದ ಮಾತಿಗೆ ಎಡಗಿವಿ. ಕಾರ್ಖಾನೆಯ ಮ್ಯಾನೇಜರು ಅವರ ಎಡಗಡೆಗೇ ನಿಂತು ಮಾತಾಡಿದ್ದು ಹೆಚ್ಚು.

ಮೊದಲು ಅವರನ್ನು ಕಂಡದ್ದು ಕಿಬ್ಬನಹಳ್ಳಿ ಕ್ರಾಸಿನಲ್ಲಿ. ಆಗ ನನ್ನ ಕಸುಬು ಮಟ್ಟೆಯದು. ತೋಟಗಳಲ್ಲಿ ತೆಂಗಿನಕಾಯಿ ಸುಲಿದ ಮೇಲೆ ಉಳಿಯುವ ಮಟ್ಟೆಯನ್ನು ಬಾಡಿಗೆ ಲಾರಿಯಲ್ಲಿ ಇಟ್ಟಿಗೆ ಗೂಡುಗಳಿಗೆ ಹಾಕುತ್ತಿದ್ದೆ. ತುಂಬಿದ ಲಾರಿ ನಿಲ್ಲಿಸಿ ಟೀ ಕುಡಿಯುತ್ತಿದ್ದಾಗ, ಬಸ್ಸು ಬದಲಿಸಲು ಇಳಿದಿದ್ದ ಈ ಮನುಷ್ಯ ನೆಟ್ಟಗೆ ಬಂದು ಒಂದು ಮಟ್ಟೆ ಎಳೆದರು. ಮೂಸಿದರು, ಮುರಿದರು, ನಾರಿನ ನಡುವಿನ ಪುಡಿಯನ್ನು ಅಂಗೈಗೆ ಉದುರಿಸಿ ಊದಿದರು.

"ಏನ್ರೀ ಸ್ವಾಮಿ, ಕೊಳ್ಳೋ ಗಿರಾಕಿನೋ ಮೂಸೋ ಗಿರಾಕಿನೋ?" ಎಂದೆ.

"ಸುಡೋ ಗಿರಾಕಿ," ಎಂದರು, ನಗಲಿಲ್ಲ. "ಬ್ಯಾಸಗ್ಯಾಗ ಇದು ಎಷ್ಟು ಸಿಗ್ತೈತ್ರಿ?"

"ಎಷ್ಟು ಬೇಕೋ ಅಷ್ಟು ಕಣ್ರೀ. ಇದು ತೆಂಗಿನ ಸೀಮೆ."

"ಅದು ಉತ್ತರ ಅಲ್ಲ ಮಾಲಕ್ರ, ಅದು ಜಂಬ."

ಮಾಲಕ್ರ ಎಂದರೆ ಅವರ ಕಡೆ ಮಾಲೀಕರು ಅಂತ. ಲಾರಿ ಬಾಡಿಗೆಯದು, ಮಾಲು ತೋಟದವರದು, ನನ್ನದು ಅಂತ ಇದ್ದದ್ದು ತಾರ್ಪಾಲು ಒಂದೇ. ಆಡಿಕೊಳ್ಳುತ್ತಿದ್ದಾರೆ ಎಂದು ರಕ್ತ ಬಿಸಿಯಾಯಿತು. ಅವರು ಅದನ್ನು ಗಮನಿಸಲೂ ಇಲ್ಲ. ನನ್ನ ಬೆಂಚಿನ ಮೇಲೇ ಕೂತು, ಅವರ ಬಸ್ಸು ಬಂದು ಹೋದದ್ದನ್ನೂ ನೋಡದೆ, ಯಾವ ತೋಟದಲ್ಲಿ ಯಾವ ತಿಂಗಳು ಸುಲಿಯುತ್ತಾರೆ, ಯಾರು ಎತ್ತುತ್ತಾರೆ, ಎಷ್ಟು ದೂರ ಎಂದು ಕೇಳುತ್ತ ಹೋದರು. ಆಮೇಲೆ ತಮ್ಮ ಕೆಲಸ ಏನೆಂದು ಹೇಳಿದರು. ನಮ್ಮಲ್ಲಿಂದ ಅರ್ಧ ದಿನದ ಲಾರಿ ದಾರಿಯ ಒಂದು ಸಕ್ಕರೆ ಕಾರ್ಖಾನೆ ಕಬ್ಬಿನ ಸಿಪ್ಪೆ ಸುಟ್ಟು ಕರೆಂಟು ಮಾಡುತ್ತದೆ. ತಾನು ಬಳಸಿ ಉಳಿದದ್ದನ್ನು ಮಾರುತ್ತದೆ. ಅದನ್ನು ಹೆಚ್ಚಿಸಲು ಏನೇನು ದಾರಿಯಿದೆ, ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ತೂಗಿ ನೋಡಿ ಹೇಳಲು ಇವರನ್ನು ಕರೆಸಿದ್ದರು.

"ಬ್ಯಾಸಗ್ಯಾಗ ಕಬ್ಬಿಲ್ಲ, ಸಿಪ್ಪಿ ಇಲ್ಲ. ಅಷ್ಟು ದೊಡ್ಡ ಟರ್ಬೈನ್ ನಿದ್ದಿ ಹೊಡೀತೈತಿ. ಊರಿಗೆಲ್ಲ ಕರೆಂಟ್ ಬೇಕಾಗೋದು ಆವಾಗ. ನಿಮ್ಮ ಮಟ್ಟಿ ಅದನ್ನ ಎಬ್ಬಸ್ತೈತೇನು ನೋಡಬೇಕು," ಎಂದರು. ನೋಡಬೇಕು ಎಂದದ್ದು. ನನಗೆ ಕೇಳಿಸಿದ್ದು ಮಾತ್ರ ಎಬ್ಬಿಸುತ್ತದೆ ಎಂದು.

ಆಮೇಲೆ ಕಾರ್ಖಾನೆಗೆ ಕರೆಸಿದರು. ನಾನು ಅಲ್ಲಿಯವರೆಗೆ ಕರೆಂಟು ಅಂದರೆ ಜೋಗ ಅಂದುಕೊಂಡಿದ್ದವನು. ಒಂದು ಕಡೆ ಕಬ್ಬು ಅರೆಯುತ್ತಿದೆ, ಇನ್ನೊಂದು ಕಡೆ ಅದರದೇ ಸಿಪ್ಪೆ ಉರಿದು ನೀರು ಕಾದು ಹಬೆಯಾಗಿ ಟರ್ಬೈನ್ ತಿರುಗಿಸುತ್ತಿದೆ, ತಿರುಗಿಸಿ ಬಂದ ಅದೇ ಹಬೆ ಕಬ್ಬಿನ ರಸ ಕಾಯಿಸುತ್ತಿದೆ. ನನಗೆ ಅದೆಲ್ಲ ದೊಡ್ಡದಾಗಿ ಕಂಡಿತು. ಅವರಿಗೆ ಕಂಡದ್ದು ಬರೀ ತೂತು. ಎಲ್ಲಿ ಹಬೆ ಸೋರುತ್ತಿತ್ತೋ ಅಲ್ಲಿ ಸೀಮೆಸುಣ್ಣದಿಂದ ಒಂದು ಸೊನ್ನೆ. ಎಲ್ಲಿ ಪೈಪಿನ ಹೊದಿಕೆ ಕಿತ್ತುಹೋಗಿ ಬಿಸಿ ಸುಮ್ಮನೆ ಗಾಳಿಗೆ ಹೋಗುತ್ತಿತ್ತೋ ಅಲ್ಲಿ ಒಂದು ಅಡ್ಡಗೆರೆ. ಸುತ್ತಿ ಬರುವಷ್ಟರಲ್ಲಿ ಕಾರ್ಖಾನೆಗೆ ಸಿಡುಬು ಎದ್ದಂತಿತ್ತು.

ಮ್ಯಾನೇಜರಿಗೆ ಇದು ಹಿಡಿಸಲಿಲ್ಲ. ಅವರಿಗೆ ಹೊಸದಾಗಿ, ಹೆಚ್ಚು ಒತ್ತಡದ ದೊಡ್ಡ ಬಾಯ್ಲರ್ ಬೇಕಿತ್ತು. "ಸಾರ್, ಹೊಸ ಬಾಯ್ಲರ್ ಹಾಕಿದ್ರೆ ಕರೆಂಟ್ ತಾನಾಗೇ ಜಾಸ್ತಿ ಆಗುತ್ತಲ್ಲ? ಇದೆಲ್ಲ ಸಣ್ಣಪುಟ್ಟದ್ದು," ಎಂದರು.

"ಆಗ್ತೈತ್ರಿ. ತೂತಿನ ಬಿಂದಿಗಿಗೆ ದೊಡ್ಡ ನಳ ಹಚ್ಚಿದಂಗ ಆಗ್ತೈತಿ," ಎಂದರು ಇವರು. "ಪೈಪಿಗೆ ಹೊದಿಕಿ ಹಾಕಿದ್ರ ಉದ್ಘಾಟನಾ ಮಾಡಾಕ ಮಂತ್ರಿ ಬರೂದಿಲ್ಲ, ಅದಕ್ಕ ಯಾರಿಗೂ ಅದು ಬ್ಯಾಡ."

ಬಾಯ್ಲರ್ ಮೇಸ್ತ್ರಿ ಮುಖ ತಿರುಗಿಸಿ ನಕ್ಕ. ಮ್ಯಾನೇಜರು ನಗಲಿಲ್ಲ.

ಅವರನ್ನು ದೇವರು ಮಾಡಿ ಕೂರಿಸಲು ನನಗೆ ಇಷ್ಟವಿಲ್ಲ. ಬಾಯಿ ಒರಟು. ತಾವು ಊಟ ಮರೆತರೆ ಜೊತೆಯವರ ಊಟವನ್ನೂ ಮರೆಯುತ್ತಿದ್ದರು. ಒಳ್ಳೆ ಕೆಲಸ ಮಾಡಿದವನಿಗೆ ಒಂದು ಶಹಬ್ಬಾಸ್ ಅಂದದ್ದು ನಾನು ಕೇಳಲಿಲ್ಲ. ಒಮ್ಮೆ ತಿಪಟೂರಿನ ಗಿಟುಕು ಕೊಬ್ಬರಿ, ಒಡೆಯದ ಇಡೀ ಉಂಡೆ, ಅರ್ಧ ಚೀಲ ತೆಗೆದುಕೊಂಡು ಹೋಗಿ ಅವರ ಕೋಣೆಯ ಮುಂದೆ ಇಟ್ಟೆ. ಅದನ್ನು ಕ್ಯಾಂಟೀನಿಗೆ ಕಳಿಸಿ, ಆ ದಿನದ ಚಟ್ನಿಗೆ ಹಾಕಿಸಿಬಿಟ್ಟರು. "ಛಲೋ ಇತ್ತು. ಎಲ್ಲಾರೂ ತಿಂದರು," ಎಂದರು. ನಾನು ಒಂದು ವಾರ ಮಾತು ಬಿಟ್ಟಿದ್ದೆ. ಅವರಿಗೆ ಅದು ಗೊತ್ತೂ ಆಗಲಿಲ್ಲ ಅಂತ ಕಾಣುತ್ತದೆ.

ಪ್ರಯೋಗಕ್ಕೆ ಮಟ್ಟೆ ತರಲು ಹೇಳಿದ ದಿನವೇ ನಾನು ಮುಂದಕ್ಕೆ ನೆಗೆದೆ. ಮಟ್ಟೆಯನ್ನು ಇಡಿಯಾಗಿ ಬಾಯ್ಲರಿಗೆ ಹಾಕಲು ಬರುವುದಿಲ್ಲ, ಚೂರು ಮಾಡಬೇಕು. ಕಿಬ್ಬನಹಳ್ಳಿ ಹತ್ತಿರ ಒಂದು ಜಾಗ ಹಿಡಿದು, ಚೂರು ಮಾಡುವ ಯಂತ್ರ ಕೂರಿಸಿದೆ. ಇಟ್ಟಿಗೆ ಗೂಡಿನವರಿಗೆಲ್ಲ ಇನ್ನು ನನ್ನ ಮಟ್ಟೆ ಇಲ್ಲ ಎಂದು ಹೇಳಿ ಬಂದೆ. ಅವರು ಆ ವಾರವೇ ಬೇರೆಯವರನ್ನು ಹಿಡಿದರು. ಮನೆಯವಳು ಒಂದೇ ಮಾತು ಕೇಳಿದಳು. "ರೀ, ಆವಯ್ಯ ತಗೋತೀನಿ ಅಂದವ್ರಾ, ನೋಡ್ತೀನಿ ಅಂದವ್ರಾ?"

"ನನ್ನ ಮಾಲು ನೋಡಿದ್ಮೇಲೆ ತಗೊಳ್ದೆ ಏನ್ಮಾಡ್ತಾರೆ ಬುಡು," ಎಂದೆ.

ಮಾಲಿನ ಮೇಲೆ ನನಗಿದ್ದ ಹೆಮ್ಮೆ ಎಂಥದ್ದು ಎಂದು ಹೇಳಬೇಕಾದರೆ ನಮ್ಮ ಕಡೆಯ ಪದ್ಧತಿ ಹೇಳಬೇಕು. ನಮ್ಮಲ್ಲಿ ಕಾಯನ್ನು ಹಸಿಯಲ್ಲಿ ಸುಲಿಯುವುದಿಲ್ಲ. ಮಟ್ಟೆಯ ಸಮೇತ ಅಟ್ಟಕ್ಕೆ ಏರಿಸುತ್ತೇವೆ. ಹತ್ತಿರ ಹತ್ತಿರ ವರ್ಷ ಅದು ಅಲ್ಲೇ ಒಣಗಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲುಗಿಸಿದರೆ ಲೊಟಲೊಟ ಎನ್ನುವಾಗ ಇಳಿಸಿ ಸುಲಿಯುತ್ತೇವೆ. ಅಷ್ಟು ದಿನ ಅಟ್ಟದ ಮೇಲೆ ಒಂದು ಹನಿ ಮಳೆ ಬೀಳಬಾರದು. ಬಿದ್ದರೆ ಕೊಬ್ಬರಿ ಕೆಟ್ಟಿತು, ಮನೆಯ ಮಾನವೂ ಹೋಯಿತು. ಹೆಂಚು ಸರಿಸಿದ ಕೋತಿಯನ್ನು ಹಿಡಿದು ಬೈದಷ್ಟು ನಾವು ಕಳ್ಳನನ್ನೂ ಬೈಯುವುದಿಲ್ಲ. ಹಾಗೆ ಅಟ್ಟದಿಂದ ಇಳಿದ ಮಟ್ಟೆ ಬೆಂಕಿಕಡ್ಡಿ ತೋರಿಸಿದರೆ ಸಾಕು, ಭಗ್ಗನೆ ಹಿಡಿಯುತ್ತದೆ. ಬೇಲಿ ಪಕ್ಕ ಬಿಸಾಕಿದ, ಮಳೆ ತಿಂದ ಮಟ್ಟೆಗೆ ನಮ್ಮವರು ಸತ್ತ ಮಟ್ಟೆ ಎನ್ನುತ್ತಾರೆ. ಕಾರ್ಖಾನೆಗೆ ಕೊಡುವುದು ಅಂದ ಮೇಲೆ ನಾನು ಮನೆ ಮನೆ ತಿರುಗಿ ಅಟ್ಟದ ಮಟ್ಟೆಯನ್ನೇ ಆರಿಸಿ, ಮೇಲೆ ತಾರ್ಪಾಲು ಬಿಗಿದು, ಮಳೆ ಕಾಣದ ಮಾಲನ್ನೇ ಚೂರು ಮಾಡಿಸಿ ಕಳಿಸಿದೆ.

ಹಳೆಯ ಸಣ್ಣ ಬಾಯ್ಲರಿನಲ್ಲಿ ಹಾಕಿದರು. ಮೊದಲ ದಿನ ಬೆಂಕಿ ನೋಡಿ ಬಾಯ್ಲರ್ ಮೇಸ್ತ್ರಿ, "ಏನಪ್ಪಾ ಇದು, ಸೀಮೆಎಣ್ಣೆ ಹಾಕಿ ತಂದಿದ್ದೀಯಾ?" ಎಂದ. ನಾನು ಮೀಸೆ ತಿರುವಿದೆ. ಸಾಹೇಬರು ಮಾತ್ರ ನೀಲಿ ಗಾಜು ಕಣ್ಣಿಗೆ ಹಿಡಿದು, ಕಿಂಡಿಯಿಂದ ಉರಿಯ ಒಳಗೆ ನೋಡುತ್ತಲೇ ಇದ್ದರು. ವಾರ ತುಂಬುವ ಮೊದಲೇ ಹಬೆ ಇಳಿಯತೊಡಗಿತು. ಎಷ್ಟು ಮಟ್ಟೆ ತಳ್ಳಿದರೂ ಏರಲಿಲ್ಲ. ಆರಿಸಿ, ತಣ್ಣಗಾಗಲು ಬಿಟ್ಟು ಬಾಗಿಲು ತೆಗೆಸಿದರು. ಆ ವಯಸ್ಸಿನಲ್ಲಿ ಅವರೇ ಮೊದಲು ಒಳಗೆ ನುಸುಳಿದರು. ಹೊರಗೆ ಬಂದಾಗ ಕೈಯಲ್ಲಿ ಒಂದು ಗಟ್ಟಿ ಇತ್ತು. ಕುಲುಮೆಯಲ್ಲಿ ಬೀಳುವ ಕಿಟ್ಟದ ಹಾಗೆ, ಆದರೆ ಸೋಡಾ ಬಾಟಲಿಯ ಗಾಜಿನಂತೆ ಹಸಿರಾಗಿ ಹೊಳೆಯುತ್ತಿತ್ತು. ನನ್ನ ಅಂಗೈ ಮೇಲೆ ಇಟ್ಟರು.

"ಇದು ನಿಮ್ಮ ಮಟ್ಟಿ."

ಒಳಗಿನ ಹಬೆ ಕೊಳವೆಗಳ ಮೈಮೇಲೆಲ್ಲ ಬೂದಿ ಕರಗಿ ಹೀಗೆ ಮೆತ್ತಿಕೊಂಡಿತ್ತು. ಉಳಿಯಲ್ಲಿ ಹೊಡೆದು ಬಿಡಿಸಬೇಕಾಯಿತು. ಮ್ಯಾನೇಜರು, ಮೇಸ್ತ್ರಿ, ಕೆಲಸದವರು ಎಲ್ಲ ನಿಂತಿದ್ದಾಗ ಸಾಹೇಬರು ಹೇಳಿದರು: "ಈ ಮಟ್ಟಿ ಬ್ಯಾಡ."

ನನಗೆ ಕಿವಿ ಕೆಂಪಗಾಯಿತು. "ಕರ್ದೋರೂ ನೀವೇ, ಅಟ್ಟಿದೋರೂ ನೀವೇ. ಚೆನ್ನಾಗೈತೆ ಸಾರ್ ನಿಮ್ಮ ನ್ಯಾಯ," ಎಂದೆ.

ಬಲಗಿವಿ ಕೊಟ್ಟರು. "ಅಟ್ಟಿಲ್ಲ. ಈ ಮಟ್ಟಿ ಬ್ಯಾಡ ಅಂದೀನಿ. ನಿಮ್ಮನ್ನ ಬ್ಯಾಡ ಅಂದಿಲ್ಲ."

"ನಾನೇನು ಬೇರೆ, ಮಟ್ಟೆ ಬೇರೆನಾ?"

"ಹೌದು ಮಾಲಕ್ರ. ಬ್ಯಾರೆ."

ಮಾತು ಮುಗಿಸಿ ಬಂದೆ. ಯಂತ್ರ ನಿಂತಿತ್ತು. ಗೂಡಿನವರ ಬಾಗಿಲು ಮುಚ್ಚಿತ್ತು. ನನ್ನನ್ನು ನಂಬಿ ಕೆಲಸಕ್ಕೆ ಬಂದ ಹೆಂಗಸರು ಬೆಳಿಗ್ಗೆ ಬಂದು ಜಗಲಿಯಲ್ಲಿ ಕೂತು, ಮಧ್ಯಾಹ್ನಕ್ಕೆ ಎದ್ದು ಹೋಗುತ್ತಿದ್ದರು. ಗೂಡಿನವರ ಹತ್ತಿರ ತಿರುಗಿ ಹೋಗಿ ಕೇಳಬಹುದಿತ್ತು. ಅದಕ್ಕಿಂತ ಯಂತ್ರವನ್ನು ಗುಜರಿಗೆ ಹಾಕುವುದು ವಾಸಿ ಅನ್ನಿಸಿತು. ಎರಡನ್ನೂ ಮಾಡದೆ, ಹಲ್ಲು ಕಚ್ಚಿಕೊಂಡು, ಬೇರೆಯವರ ಕೊಬ್ಬರಿ ಹೇರಲು ಲಾರಿ ಓಡಿಸಿದೆ.

ಒಂದು ಭಾನುವಾರ ಬೆಳಿಗ್ಗೆ ಅವರು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ತಿಪಟೂರಿನ ತನಕ ಬಸ್ಸು, ಅಲ್ಲಿಂದ ಆಟೋ. ಚಪ್ಪಲಿ ಬಿಡುತ್ತಲೇ, "ಎಲ್ಲಾ ನಮೂನಿ ಮಟ್ಟಿ ನೋಡಬೇಕು. ತೋಟ ತೋರಸ್ರಿ," ಎಂದರು.

"ಮೊದ್ಲು ಕಾಫಿ ಕುಡೀರಿ ಸಾಹೇಬ್ರೇ," ಎಂದಳು ಮನೆಯವಳು. "ನಮ್ಮೋರು ಸಿಟ್ಟಲ್ಲವ್ರೆ, ಅದೇನೂ ಮನಸ್ಸಿಗೆ ಹಚ್ಕೋಬೇಡಿ."

"ಸಿಟ್ಟೇನ್ರಿ? ಯಾವಾಗಿಂದ?" ಎಂದು ನನ್ನ ಮುಖ ನೋಡಿದರು. ನಿಜಕ್ಕೂ ಗೊತ್ತಿರಲಿಲ್ಲ ಅವರಿಗೆ. ಅಂಥವರ ಮೇಲೆ ಸಿಟ್ಟಿಟ್ಟುಕೊಂಡು ಏನು ಮಾಡುವುದು?

ತುರುವೇಕೆರೆ ಕಡೆಯ ಒಂದು ಹಳೆ ತೋಟಕ್ಕೆ ಕರೆದುಕೊಂಡು ಹೋದೆ. ಅದರ ಯಜಮಾನರನ್ನು ನಾನು ದೊಡ್ಡಯ್ಯ ಎನ್ನುತ್ತೇನೆ. ಬೇಲಿಯ ಮಗ್ಗುಲಲ್ಲಿ ಮಟ್ಟೆಯ ಗುಡ್ಡೆಯೊಂದು ಯಾವ ಕಾಲದಿಂದಲೋ ಬಿದ್ದಿತ್ತು. ಕಪ್ಪಾಗಿ, ತಳಭಾಗಕ್ಕೆ ಪಾಚಿ ಹಿಡಿದಿತ್ತು. ಸಾಹೇಬರು ಅಲ್ಲಿ ಕುಕ್ಕರುಗಾಲಲ್ಲಿ ಕೂತರು.

"ಇದನ್ನ ಯಾಕ ತರಲಿಲ್ಲ?"

ನನಗೆ ನಗು ಬಂತು. ದೊಡ್ಡಯ್ಯ ನನಗಿಂತ ಮೊದಲೇ ನಕ್ಕರು. "ಅಯ್ಯೋ, ಅದು ಸತ್ತ ಮಟ್ಟೆ ಕಣಪ್ಪ! ಮುಂಗಾರು ಹಿಂಗಾರು ಎಲ್ಡೂ ತಿಂದೈತೆ. ನಮ್ಮ ಹೆಂಗಸ್ರು ಒಲೆಗೂ ಮುಟ್ಟಾಕಿಲ್ಲ."

"ಅಟ್ಟದ್ದು ಬೆಣ್ಣೆ ಇದ್ದಂಗೆ ಸಾರ್. ಅದು ಬುಟ್ಟು ಇದನ್ನ ತಂದಿದ್ರೆ ನೀವು ಗೇಟ್ ಒಳಕ್ಕೂ ಬುಡ್ತಿರಲಿಲ್ಲ," ಎಂದೆ.

ಅವರು ಗುಡ್ಡೆಯ ಮೇಲ್ಭಾಗದಿಂದ, ಬಿಸಿಲಿಗೆ ಒಣಗಿದ ಮಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿಸಿಕೊಂಡರು. ಮನೆಗೆ ಬಂದು ನಮ್ಮ ಬಚ್ಚಲ ಒಲೆಯ ಮುಂದೆ ಕೂತರು. ಮೊದಲು ಅಟ್ಟದ ಮಟ್ಟೆ ಉರಿಸಿ ಬೂದಿ ಬೇರೆ ತೆಗೆದರು. ಒಲೆ ಗುಡಿಸಿ, ಆಮೇಲೆ ಸತ್ತ ಮಟ್ಟೆ. ಅದು ಹಿಡಿಯಲು ಹೊತ್ತು ತೆಗೆದುಕೊಂಡರೂ ಹಿಡಿದ ಮೇಲೆ ಬೆಳ್ಳಗೆ ಉರಿಯಿತು. ಮನೆಯವಳು ಬಾಗಿಲಿಂದ ಇಣುಕಿ, "ಸಾಹೇಬ್ರೇ, ಹಂಡೆ ನೀರು ಕೊತ ಕೊತ ಅಂತೈತೆ. ಹೆಂಗೂ ಕಾಯಿಸಿದ್ದೀರಿ, ಒಂದು ಸ್ನಾನನಾದ್ರೂ ಮಾಡ್ಕಳಿ," ಎಂದಳು. ಅವರು ಎರಡು ಬೂದಿಯನ್ನೂ ನಾಲಿಗೆ ತುದಿಗೆ ಹಚ್ಚಿ ನೋಡುತ್ತಿದ್ದರು. ನನಗೂ ಕೊಟ್ಟರು. ಅಟ್ಟದ ಬೂದಿ ನಾಲಿಗೆ ಕಚ್ಚಿತು, ಉಪ್ಪುಪ್ಪು. ಇನ್ನೊಂದು ಸಪ್ಪೆ, ಮಣ್ಣು ತಿಂದ ಹಾಗೆ.

ಆಮೇಲೆ ಊರ ಕುಲುಮೆಗೆ ಹೋದೆವು. ಎರಡು ಕಬ್ಬಿಣದ ಸೌಟಿನಲ್ಲಿ ಎರಡು ಬೂದಿ ಇಟ್ಟು, ಕೆಂಡದಲ್ಲಿ ಹೂಳಿ, ತಿದಿ ಒತ್ತಿಸಿದರು. ತೆಗೆದಾಗ ಅಟ್ಟದ ಬೂದಿ ಕರಗಿ ಸೌಟಿಗೆ ಗಾಜಿನ ಹಾಗೆ ಅಂಟಿತ್ತು. ಸತ್ತ ಮಟ್ಟೆಯದು ಬೂದಿಯಾಗಿಯೇ ಇತ್ತು. ಸೌಟು ಬಗ್ಗಿಸಿದರೆ ಸುರಿಯಿತು.

ಸಾಹೇಬರು ಅಲ್ಲೇ ಇದ್ದ ಬಂಡೆಯ ಮೇಲೆ ಕೂತು, ಮೊದಲ ಸಲ ನನ್ನ ಎದುರು ನಕ್ಕರು. "ನಮ್ಮ ಕಡೆ ಕಬ್ಬಿನ ರವದಿ, ಅಂದ್ರ ಒಣಗಿದ ಎಲಿ, ಹೊಲದಾಗ ಒಂದು ಮಳಿ ಹೊಡಸ್ಕೊಂಡದ್ದು ಬಾಯ್ಲರಿಗೆ ತ್ರಾಸ ಕೊಡೂದಿಲ್ಲ. ಅದನ್ನ ನೋಡಿದ್ದೆ. ಇದೂ ಹಂಗ ಇರಬೇಕು ಅಂತ ಅನುಮಾನ ಇತ್ತು. ಮಟ್ಟಿಯೊಳಗ ಇರೋ ಉಪ್ಪು ಮಳಿಗೆ ತೊಳದು ಹೋಗ್ತೈತಿ. ನೀವು ಮಳಿನ ತಗಲದಂಗ ಅಷ್ಟೂ ಉಪ್ಪು ಜ್ವಾಪಾನ ಮಾಡಿ ತಂದು ನನ್ನ ಬಾಯ್ಲರಿಗೆ ಸುರವಿದ್ರಿ."

ಕೊಬ್ಬರಿಗೆ ಯಾವುದು ಮರ್ಯಾದೆಯೋ ಬೆಂಕಿಗೂ ಅದೇ ಮರ್ಯಾದೆ ಎಂದು ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರು ಬೇಕಾದರೂ ಅಂದುಕೊಳ್ಳುತ್ತಾರೆ.

"ಈಗೇನು ಸಾರ್ ಮಾಡೋದು?"

"ಮಳಿ ಬರಲಿ."

ಆಗಿನ್ನೂ ಮುಂಗಾರು ಕಾಲಿಟ್ಟಿರಲಿಲ್ಲ. ಅಂದರೆ ಇಡೀ ಮಳೆಗಾಲ ಕಾಯಬೇಕು, ಆಮೇಲೆ ಒಣಗಬೇಕು, ಬೇಸಿಗೆಗೆ ಹೇರಬೇಕು. ಕಾದೆ. ತೋಟ ತೋಟಕ್ಕೆ ಹೋಗಿ, ಅಟ್ಟದಿಂದ ಇಳಿಸಿ ಸುಲಿದ ಮಟ್ಟೆಯನ್ನು ಮನೆ ಹತ್ತಿರ ಒಟ್ಟಬೇಡಿ, ಮರದ ಬುಡದ ಸುತ್ತ ತೆಳ್ಳಗೆ ಹರಡಿ, ಮಳೆ ಹುಯ್ಯಲಿ, ನಾನು ಸಂಕ್ರಾಂತಿ ಕಳೆದು ಎತ್ತುತ್ತೇನೆ ಎಂದೆ. ತಿಪಟೂರಿನ ಮಾರುಕಟ್ಟೆಯಲ್ಲಿ ನಾನು ನಗೆಪಾಟಲಾದೆ.

"ಏನ್ಲಾ, ಮಟ್ಟೆಗೆ ಮಳೆ ಸ್ನಾನ ಮಾಡಿಸ್ತಿದ್ದೀಯಂತೆ? ಸೋಪು ಹಾಕ್ತೀಯಾ?"

"ಹಾಕ್ತೀನಿ ಕಣ್ಲಾ. ನಿನ್ನ ಬೆನ್ನು ಉಜ್ಜಿ ಉಳಿದ್ರೆ ಹಾಕ್ತೀನಿ."

ತೋಟದವರಿಗೆ ಮಾತ್ರ ಇದು ಬೇಗ ರುಚಿಸಿತು. ಮಟ್ಟೆಯ ಉಪ್ಪು ಮಳೆಯಲ್ಲಿ ಇಳಿದು ಅದೇ ಮರದ ಬುಡಕ್ಕೆ ಹೋಗುತ್ತದೆ, ಆಮೇಲೆ ಉಳಿದದ್ದು ಮಾತ್ರ ಬಾಯ್ಲರಿಗೆ. ದೊಡ್ಡಯ್ಯ ಅದನ್ನು ಒಂದೇ ಮಾತಿನಲ್ಲಿ ಹೇಳಿದರು: "ಸಾರ ನಮ್ಗೆ, ಸಿಪ್ಪೆ ನಿಮ್ಗೆ. ತಗಂಡೋಗು ಅತ್ಲಾಗೆ."

ಆ ಮಳೆಗಾಲದಲ್ಲಿ ಸಾಹೇಬರು ಕಾರ್ಖಾನೆಯಲ್ಲಿ ತಮ್ಮ ಜಗಳ ನಡೆಸುತ್ತಿದ್ದರು. ಅವರ ವರದಿ ನಿರ್ದೇಶಕರ ಮುಂದೆ ಹೋಗುವ ಮೊದಲು ನಾನು ಒಮ್ಮೆ ಹೋಗಿ ಕಂಡೆ. ನನ್ನ ಮಟ್ಟೆಗೆ ಎಷ್ಟನೇ ಜಾಗ ಎಂದು ಕೇಳಿದೆ. ಅವರು ಬೆರಳು ಮಡಿಸಿದರು. ಮೊದಲು ಸೋರುವ ಹಬೆ ನಿಲ್ಲಿಸಿ ಪೈಪಿಗೆಲ್ಲ ಹೊದಿಕೆ. ಎರಡು, ಸಿಪ್ಪೆಯನ್ನು ಇನ್ನೂ ಬಿಗಿಯಾಗಿ ಹಿಂಡಿ, ಚಿಮಣಿಗೆ ಹೋಗುವ ಬಿಸಿಯಲ್ಲೇ ಒಣಗಿಸಿ ಸುಡುವುದು. ಮೂರು, ಕಬ್ಬು ಅರೆಯುವ ರೋಲರುಗಳನ್ನು ತಿರುಗಿಸುವ ಹಬೆ ಕುಡುಕ ಹಳೆ ಯಂತ್ರಗಳನ್ನು ಕಿತ್ತು ಮೋಟಾರು ಹಾಕುವುದು.

"ನಾಕು, ನಿಮ್ಮ ಮಟ್ಟಿ. ಹೊಸ ಬಾಯ್ಲರ್ ಐದು."

ನಾಲ್ಕನೆಯದು! "ಸಾರ್, ಈ ಮ್ಯಾನೇಜರು ಎರಡು ಮಾಡೋ ಹೊತ್ಗೆ ಸುಸ್ತಾಗ್ತಾರೆ. ನಾಲ್ಕು ಅಂದ್ರೆ ನಾನು ಮುಳುಗ್ದೆ ಅಂತಲೇ ಅರ್ಥ. ಇಡೀ ಮಳೆಗಾಲ ಕೂತಿದ್ದೀನಿ ನಾನು. ಒಂದಕ್ಕೆ ಹಾಕ್ಬೇಡಿ, ಎರಡಕ್ಕೆ ಹಾಕಿ."

"ನಾಕು ಅಂದ್ರ ನಾಕು."

"ನಿಮ್ಗೇನು ಸಾರ್, ಬರ್ದು ಹೋಗ್ತೀರಿ. ನನ್ನ ಜಗಲಿ ಮೇಲೆ ಹೆಂಗಸ್ರು ಕೂತವ್ರೆ."

ಈ ಮಾತಿಗೆ ಬಲಗಿವಿಯನ್ನೇ ಕೊಟ್ಟಿದ್ದರು. ಮಡಿಸಿದ ಬೆರಳು ಬಿಡಿಸಿ ಹೇಳಿದರು. "ಮಾಲಕ್ರ, ನಿಮ್ಮನ್ನ ಒಂದಕ್ಕ ಹಾಕಿದೆ ಅಂತ ತಿಳೀರಿ. ಈಗ ಬ್ಯಾಸಗಿಗೆ ಇಲ್ಲಿ ಸಿಪ್ಪಿ ಉಳಿಯೂದಿಲ್ಲ, ಎಲ್ಲಾ ಸೋರಿ ಹೋಗೈತಿ. ಬರೇ ಮಟ್ಟಿ ಮ್ಯಾಲೆ ಬಾಯ್ಲರ್ ನಡೀಬೇಕು. ಎಷ್ಟು ದಿನ ಹಾಕ್ತೀರಿ? ಮೂರು ತಾಲೂಕಿನ ಮಟ್ಟಿ ಬಾಚಿದ್ರೂ ಸಾಲೂದಿಲ್ಲ. ತೊಳದ ಮಟ್ಟಿ ಸಾಲದ್ದಕ್ಕ ಅಟ್ಟದ್ದು ತರ್ತೀರಿ, ಮತ್ತ ಕಿಟ್ಟ ಕಟ್ತೈತಿ, ಮ್ಯಾನೇಜರ್ ನಿಮ್ಮನ್ನ ಗೇಟಿನಿಂದ ಹೊರಗ ಹಾಕ್ತಾರ. ಮೊದಲ ಮೂರು ಆದ್ರ ಸಿಪ್ಪಿ ಉಳಿದು ಗುಡ್ಡ ಬೀಳ್ತೈತಿ. ಆ ಗುಡ್ಡದಾಗ ನಿಮ್ಮ ಮಟ್ಟಿ ಕಲಸಿ ಸುಡೂದು. ಆವಾಗ ನೀವು ತರೂದು ಸಾಕು, ಕೊಳವಿಗೂ ಕೇಡಿಲ್ಲ. ನಾಕನೇದು ಅಂತ ಸಣ್ಣದು ಮಾಡಿಲ್ಲ. ಮೂರರ ಮ್ಯಾಲೆ ನಿಲ್ಲಸೀನಿ."

ಅರ್ಥವಾಯಿತು. ಹಿಡಿಸಲಿಲ್ಲ. ಅರ್ಥವಾದದ್ದೆಲ್ಲ ಹಿಡಿಸಬೇಕು ಅಂತೇನೂ ಇಲ್ಲ. ಎದ್ದು ಬರುವಾಗ, "ಆ ಮೂರು ನೀವು ಮಾಡಿಸಿ. ನಾಲ್ಕನೇದು ನಾನು ಮಾಡ್ತೀನಿ," ಎಂದೆ.

ಮಾಡಿಸಿದರು. ಹೇಗೆ ಎಂದು ಬಾಯ್ಲರ್ ಮೇಸ್ತ್ರಿಯನ್ನು ಕೇಳಬೇಕು. ನಿರ್ದೇಶಕರನ್ನು ಸಭೆಯ ಕೋಣೆಯಲ್ಲಿ ಕೂರಿಸದೆ ಹಬೆ ಪೈಪುಗಳ ನಡುವೆ ನಿಲ್ಲಿಸಿಯೇ ಸಭೆ ನಡೆಸಿದರಂತೆ. ಬರಿಮೈ ಪೈಪಿನ ಪಕ್ಕ ಬಿಳಿ ಪಂಚೆಯ ಯಜಮಾನರೊಬ್ಬರು ಬೆವರಿ, ಇಲ್ಲೇಕೆ ಇಷ್ಟು ಸೆಕೆ ಎಂದು ಕೇಳಿದಾಗ, "ಇದು ನಿಮ್ಮ ಕರೆಂಟ್ ರೀ. ತಂತಿಗೆ ಹೋಗೂದು ಬಿಟ್ಟು ನಿಮ್ಮ ಮೈಗೆ ಬಂದೈತಿ," ಎಂದರಂತೆ. ಹೊದಿಕೆಗೆ ಅಲ್ಲೇ ಒಪ್ಪಿಗೆ ಸಿಕ್ಕಿತು. ರೋಲರಿನ ಯಂತ್ರಗಳಿಗೆ ಇನ್ನೂ ಹೊತ್ತು ಹಿಡಿಯಿತು. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಆಗಲಿಲ್ಲ, ಅರ್ಧ ಮಾಡಿದರು. ಆದರೂ ಆ ಸಲ ಕಬ್ಬು ಅರೆದು ಮುಗಿದಾಗ ಅಂಗಳದಲ್ಲಿ ಸಿಪ್ಪೆಯ ಗುಡ್ಡ ಇತ್ತು. ಅಷ್ಟು ಉಳಿದದ್ದನ್ನು ತನ್ನ ಸರ್ವೀಸಿನಲ್ಲಿ ಕಂಡಿಲ್ಲ ಎಂದು ಮೇಸ್ತ್ರಿ ಹೇಳಿದ.

ಮಾಘದ ಬಿಸಿಲಿನಲ್ಲಿ ನಾನು ಮಟ್ಟೆ ಎತ್ತಿಸಿದೆ. ಬಣ್ಣ ಕಳೆದುಕೊಂಡು, ಹಗುರವಾಗಿ, ನೋಡಲು ದರಿದ್ರವಾಗಿತ್ತು. ಚೂರು ಮಾಡುವಾಗ ಹೆಂಗಸರು ಮೂಗು ಮುರಿದರು. ಕಾರ್ಖಾನೆಯಲ್ಲಿ ಮೂರು ಬಕೆಟ್ ಸಿಪ್ಪೆಗೆ ಒಂದು ಬಕೆಟ್ ಮಟ್ಟೆ ಎಂದು ಲೋಡರಿನಲ್ಲಿ ಕಲಸಿ, ಈ ಸಲ ದೊಡ್ಡ ಬಾಯ್ಲರಿಗೇ ಹಾಕಿದರು. ವಾರ ಕಳೆಯಿತು. ಹಬೆ ಇಳಿಯಲಿಲ್ಲ. ಇನ್ನೂ ಒಂದು ವಾರ. ಆಮೇಲೆ ಆರಿಸಿ, ತಣಿಸಿ, ಬಾಗಿಲು ತೆಗೆದರು. ಮೇಸ್ತ್ರಿ ಒಳಗೆ ಹೋಗಲು ಹೊರಟಾಗ ನಾನು ತಡೆದೆ. "ಈ ಸಲ ನಾನೇ ಹೋಗ್ತೀನಿ." ಸಾಹೇಬರು ತಮ್ಮ ಟಾರ್ಚನ್ನು ನನ್ನ ಕೈಗೆ ಕೊಟ್ಟರು.

ಒಳಗೆ ಕೊಳವೆಗಳ ಮೇಲೆ ಬೂದಿ ಕೂತಿತ್ತು. ಬೆರಳಲ್ಲಿ ಎಳೆದೆ. ಉದುರಿತು. ಇನ್ನೊಂದರ ಮೇಲೆ ಎಳೆದೆ. ಅದೂ ಉದುರಿತು. ಅಂಗೈಯಿಂದ ಇಡೀ ಸಾಲು ಸವರಿಕೊಂಡು ಹೋದೆ. ಹೊರಗೆ ಬಂದಾಗ ತಲೆಯಿಂದ ಕಾಲಿನವರೆಗೆ ಬೂದಿಯಾಗಿದ್ದೆ. ಮ್ಯಾನೇಜರು ಕೇಳಿದ್ದು ಒಂದೇ, "ಬೇಸಿಗೆ ಮುಗಿಯೋ ತನಕ ಇದೇ ಮಾಲು ಹಾಕ್ತೀಯಾ?" ಎಂದು. ಹಾಕುತ್ತೇನೆ ಎಂದೆ. ಅಷ್ಟು ಹೇಳಲು ನನ್ನಲ್ಲಿ ಆಗ ಆಧಾರ ಇತ್ತು. ಯಾವ ತೋಟದಲ್ಲಿ ಎಷ್ಟು ಹರಡಿದೆ ಎಂಬುದು ಬಾಯಲ್ಲೇ ಇತ್ತು.

ಮುಂದಿನ ವರ್ಷ ಕಾರ್ಖಾನೆಯಲ್ಲಿ ಅವರ ಕೆಲಸ ಮುಗಿಯಿತು. ಊರಿಗೆ ಹೋಗುವಾಗ ತಿಪಟೂರಿನಿಂದ ಹುಬ್ಬಳ್ಳಿ ರೈಲು ಹತ್ತಿದರು. ನಾನೂ ಮನೆಯವಳೂ ಸ್ಟೇಷನ್ನಿಗೆ ಹೋಗಿದ್ದೆವು. ಅವಳು ಬುತ್ತಿ ಕಟ್ಟಿಕೊಟ್ಟಳು, ಅದನ್ನು ಮಾತ್ರ ಯಾವ ಕ್ಯಾಂಟೀನಿಗೂ ಕೊಡುವ ಹಾಗಿಲ್ಲ ಎಂದು ಹೇಳಿಯೇ ಕೊಟ್ಟಳು. ನಾನು ಏನೋ ದೊಡ್ಡ ಮಾತು ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, "ಆ ಮೇಸ್ತ್ರಿ ಜೋಡಿ ಜಗಳಾ ಆಡಬ್ಯಾಡ್ರಿ. ಅವ ಕಲಸೂದು ಸರಿ ಕಲಸಿದ್ರ ನಿಮ್ಮ ಮಟ್ಟಿ. ಇಲ್ಲಂದ್ರ ಮತ್ತ ಕಿಟ್ಟ," ಎಂದರು. ರೈಲು ಹೊರಟಿತು. ಅದೇ ಕೊನೆ. ಆಮೇಲೆ ಫೋನಿನಲ್ಲಿ ಮಾತಾಡಿದ್ದುಂಟು. ಪ್ರತಿ ಸಲ ಮೊದಲು ಕೇಳುತ್ತಿದ್ದದ್ದು ನಮ್ಮ ಕಡೆ ಮಳೆ ಹೇಗಿದೆ ಎಂದು. ಕೊನೆಯ ವರ್ಷಗಳಲ್ಲಿ ನಾನು ಕೂಗಿ ಹೇಳಬೇಕಾಗುತ್ತಿತ್ತು.

ಡ್ರೈವರು ಆ ಸುದ್ದಿ ತಂದ ದಿನ ಇನ್ನೊಂದು ಲೋಡು ತುಂಬಿ ನಿಂತಿತ್ತು. "ಅಣ್ಣ, ಇವತ್ತು ಬ್ಯಾಡ ಅಂತೀರಾ?" ಎಂದು ಕೇಳಿದ. ತಾರ್ಪಾಲು ಬಿಗಿದು ಕಳಿಸು ಎಂದೆ. ಬಾಯ್ಲರು ಉರಿಯುತ್ತಿತ್ತು. ಅದಕ್ಕೆ ಆ ದಿನವೂ ಮಟ್ಟೆ ಬೇಕು. ಮನೆಯವಳು ಒಳಗೆ ಅಳುತ್ತಿದ್ದಳು. ನಾನು ಹೊರಗೆ ನಿಂತು ಲಾರಿ ತಿರುವು ದಾಟುವ ತನಕ ನೋಡಿದೆ.

ಅವರ ವರದಿಯ ನಾಲ್ಕನೆಯ ಸಾಲಿನಿಂದ ನಿಂತವನು ನಾನು. ಬೇರೆಯವರು ಕೊಟ್ಟದ್ದು ಎಂದು ಹೇಳಿಕೊಳ್ಳಲು ನನಗೆ ಬರುವುದಿಲ್ಲ, ಅವರಿಗೂ ಅದು ಬೇಕಿರಲಿಲ್ಲ. ದುಡಿದದ್ದು ನಾನು. ದುಡಿಯಲು ಸರಿಯಾದ ಜಾಗ ತೋರಿಸಿದ್ದು ಅವರು.

ಈಗ ನನ್ನಲ್ಲಿ ಇರುವುದು ಇಷ್ಟು. ಲಾರಿ ಮೂರು, ಮೂರೂ ಸ್ವಂತದ್ದು. ಚೂರು ಮಾಡುವ ಯಂತ್ರ ಎರಡು. ವರ್ಷವಿಡೀ ಕೆಲಸ ಇರುವ ಆಳುಗಳು ಹದಿನಾಲ್ಕು, ಅದರಲ್ಲಿ ಹೆಂಗಸರು ಒಂಬತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೇರಿ, ಮರದ ಬುಡದಲ್ಲಿ ಈ ಮುಂಗಾರಿನ ಮೊದಲ ಮಳೆಗೆ ನನ್ನ ಮಟ್ಟೆ ನೆನೆಯುತ್ತಿರುವ ತೋಟಗಳು ನಲವತ್ತೆರಡು. ಅದನ್ನು ಕೊಂಡು ಸುಡುವ ಸಕ್ಕರೆ ಕಾರ್ಖಾನೆ ಒಂದು.